ಅಕ್ಕನ ಕೆನ್ನೆಯ ಅಂಚು

ನಿವೃತ್ತ ಅಧ್ಯಾಪಕನಿಗೆ ಮತ್ತೆ ಕೆಲಸ ಸಿಗುವುದು ಅಪರೂಪ. ತಾನು ಹಿಂದೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಸಿ ಅಳಿಸಿದ ವಿದ್ಯಾರ್ಥಿನಿಯ ಕೈಕೆಳಗೆ ಆ ಕೆಲಸ ಸಿಗುವುದು ಇನ್ನೂ ಅಪರೂಪ. ನನಗೆ ಈ ಎರಡು ಗೌರವಗಳೂ ಒಟ್ಟಿಗೇ ಪ್ರಾಪ್ತವಾದವು.

ಬಾಳಗಡಿಯ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದಕ್ಕಿಂತ ಗೆರೆ ಎಳೆಸುತ್ತಿದ್ದೆ ಎನ್ನುವುದು ಸತ್ಯಕ್ಕೆ ಹತ್ತಿರ. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡ ಜೀವಕೋಶಗಳನ್ನು ಚೂಪು ಪೆನ್ಸಿಲಿನಲ್ಲಿ ಬರೆಯಬೇಕು. ಗೆರೆ ನಡುವೆ ಕಡಿಯಬಾರದು. ಒಂದು ಕೋಶದ ಗೋಡೆ ಎಲ್ಲಿ ಮುಗಿಯಿತೋ ಅಲ್ಲೇ ಪಕ್ಕದ ಕೋಶದ್ದು ಶುರುವಾಗಬೇಕು. ಎರಡರ ಮಧ್ಯೆ ಬಿಳಿ ಜಾಗ ಬಿಟ್ಟವರಿಗೆ ನನ್ನ ಪ್ರಯೋಗಾಲಯದಲ್ಲಿ ಕ್ಷಮೆ ಇರಲಿಲ್ಲ. "ಇದೆಂತ, ನಿಮ್ಮ ಈರುಳ್ಳಿಗೆ ಓಣಿ ಬೇರೆ ಇದೆಯಾ?" ಎಂದು ಕೇಳಿ ಹಾಳೆಯ ಮೇಲೆ ಅಡ್ಡಗೆರೆ ಹೊಡೆಯುತ್ತಿದ್ದೆ. ಹುಡುಗರು ನನಗಿಟ್ಟ 'ಈರುಳ್ಳಿ ಮೇಷ್ಟ್ರು' ಎಂಬ ಹೆಸರು ನಮ್ಮ ಮನೆಯವರ ಕಿವಿಗೂ ಬಿದ್ದಿತ್ತು. ಹೀಗೆ ಅಡ್ಡಗೆರೆ ಹೊಡೆಸಿಕೊಂಡವರಲ್ಲಿ ನರಸಿಂಹರಾಜಪುರದ ಅಡಿಕೆ ವ್ಯಾಪಾರಿಯೊಬ್ಬರ ಮಗಳೂ ಇದ್ದಳು. ಈಗ ಅವಳು ನನ್ನ ಮೇಲಧಿಕಾರಿ. ಈ ಬರಹದಲ್ಲಿ ಅವಳನ್ನು ಆ ಪದವಿಯಿಂದಲೇ ಕರೆಯುತ್ತೇನೆ. ಮರ್ಯಾದೆ ಕೊಟ್ಟ ಹಾಗೂ ಆಯಿತು.

ಅವಳು ದೂರದ ಒಂದು ಸಂಶೋಧನಾ ಸಂಸ್ಥೆಯ ಕೆಲಸವನ್ನು ಅಪ್ಪನ ಅಂಗಡಿಯ ಮಹಡಿಯ ಮೇಲೆ ಕೂತು ಮಾಡುತ್ತಾಳೆ. ಕೆಳಗೆ ಅಡಿಕೆ ಮೂಟೆ, ಮೇಲೆ ಎರಡು ದೊಡ್ಡ ಪರದೆಗಳು. ಒಂದು ದಿನ ಫೋನ್ ಮಾಡಿ, "ಸರ್, ನಿಮ್ಮ ಕೈ ಈಗಲೂ ನಡುಗಲ್ವಲ್ಲ?" ಎಂದು ಕೇಳಿದಳು. ಇಲ್ಲವೆಂದೆ. "ಹಂಗಾದ್ರೆ ಬನ್ನಿ, ಗೆರೆ ಎಳೆಯೋ ಕೆಲಸ ಇದೆ," ಎಂದಳು. ನನ್ನ ಸಂದರ್ಶನ ಇಷ್ಟೇ.

ಕೆಲಸ ಏನೆಂದು ಅವಳು ವಿವರಿಸಿದ ರೀತಿಯನ್ನು ಇಲ್ಲಿ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪರದೆಯ ಮೇಲೆ ಮನುಷ್ಯರ ಕೆನ್ನೆಯ ಒಳಭಾಗದಿಂದ ತೆಗೆದ ತೆಳ್ಳನೆಯ ಸೀಳಿನ ಚಿತ್ರ. ಜೀವಕೋಶಗಳ ಕೇಂದ್ರಗಳು ನೀಲಿ ಉಂಡೆಗಳಾಗಿ ಕಾಣುತ್ತವೆ. ಅವುಗಳ ಸುತ್ತ ಮುತ್ತ ಸಾಸಿವೆ ಚೆಲ್ಲಿದಂತೆ ಬಣ್ಣ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಜೀನ್ ಆ ಜಾಗದಲ್ಲಿ ಕೆಲಸ ಮಾಡುತ್ತಿದೆ ಎಂಬುದರ ಗುರುತು.

"ಈಗ ನೋಡಿ ಸರ್," ಎಂದು ಮೇಲಧಿಕಾರಿ ಕಿಟಕಿಯಿಂದ ಕೆಳಗೆ ತೋರಿಸಿದಳು. ಹಿಂದಿನ ಓಣಿಯ ಮನೆಗಳ ಅಂಗಳದಲ್ಲಿ ಏನೇನೋ ಒಣಗುತ್ತಿತ್ತು. "ಆ ಅಂಗಳದಲ್ಲಿ ಅಡಿಕೆ, ಈಚೆಯದ್ರಲ್ಲಿ ಕಾಳುಮೆಣಸು, ಅದರಾಚೆ ಬಟ್ಟೆ. ಏನು ಒಣಗ್ತಿದೆ ಅಂತ ನೋಡಿದ್ರೆ ಆ ಮನೆಯವ್ರು ಎಂತ ಮಾಡೋರು ಅಂತ ಗೊತ್ತಾಗುತ್ತೆ. ಆದ್ರೆ ಅಂಗಳದ ಗಡಿ ತಪ್ಪಿದ್ರೆ? ಪಕ್ಕದ ಮನೆ ಮೆಣಸು ಇವ್ರ ಲೆಕ್ಕಕ್ಕೆ ಬಂದ್ಬಿಡುತ್ತೆ. ಕೋಶನೂ ಹಂಗೆ. ಯಾವ ಚುಕ್ಕೆ ಯಾರದ್ದು ಅಂತ ಮೊದಲು ಗೊತ್ತಾಗ್ಬೇಕು. ಆಮೇಲೆ ಇದು ಚರ್ಮದ ಕೋಶನೋ, ನಾರಿನ ಕೋಶನೋ, ಕೆಟ್ಟುಹೋಗ್ತಿರೋದೋ ಅಂತ ಕಂಪ್ಯೂಟರ್ ಹೇಳುತ್ತೆ."

"ಕಂಪ್ಯೂಟರೇ ಗೆರೆ ಹಾಕಿಕೊಳ್ಳಬಾರದಾ?"

"ಹಾಕುತ್ತೆ. ನೀವು ಹಾಕಿ ತೋರಿಸಿದ್ಮೇಲೆ."

ಡೀಪ್ ಲರ್ನಿಂಗ್ ಎಂಬುದರ ತಿರುಳು ಇಷ್ಟೇ ಎಂದು ನನಗೆ ಅರ್ಥವಾಯಿತು: ಯಾರೋ ಒಬ್ಬರು ಕೂತು ಸಾವಿರಾರು ಸಲ ಗೆರೆ ಎಳೆದು ತೋರಿಸಬೇಕು, ಯಂತ್ರ ಅದನ್ನು ನೋಡಿ ನೋಡಿ ಕಲಿಯಬೇಕು. ಅದು ಪ್ರಶ್ನೆ ಕೇಳುವುದಿಲ್ಲ, ಹಿಂದಿನ ಬೆಂಚಿನಲ್ಲಿ ನಗುವುದಿಲ್ಲ, ಕಲಿಸಿದ್ದನ್ನು ಮರೆಯುವುದೂ ಇಲ್ಲ. ಇಂಥ ವಿದ್ಯಾರ್ಥಿಗಾಗಿ ನಾನು ವೃತ್ತಿಯುದ್ದಕ್ಕೂ ಕಾದಿದ್ದೆ. ಕೊನೆಗೂ ಸಿಕ್ಕಿದಾಗ ಅದಕ್ಕೆ ಕಲಿಸಿದ್ದು ತಪ್ಪು ಪಾಠ.

ಏಕೆಂದರೆ ಸಸ್ಯದ ಕೋಶಕ್ಕೆ ಗೋಡೆ ಇದೆ, ಮನುಷ್ಯನದಕ್ಕೆ ಇಲ್ಲ. ಕೆನ್ನೆಯೊಳಗಿನ ಕೋಶಗಳ ನಡುವೆ, ಅದರಲ್ಲೂ ಚರ್ಮದ ಪದರದ ಕೆಳಗೆ, ನಾರು, ನೀರು, ಖಾಲಿ ಜಾಗ ಎಲ್ಲ ಇರುತ್ತವೆ. ಆದರೆ ನನ್ನ ಕೈಗೆ ಖಾಲಿ ಜಾಗ ಎಂದರೆ ಆಗದು. ಈರುಳ್ಳಿಯ ನ್ಯಾಯವನ್ನು ಮನುಷ್ಯರ ಕೆನ್ನೆಗೂ ಅನ್ವಯಿಸಿ, ಒಂದು ಕೋಶದ ಗೆರೆಗೆ ಇನ್ನೊಂದರದ್ದು ತಾಗಿಸಿಕೊಂಡು, ಎಲ್ಲೂ ಓಣಿ ಬಿಡದೆ ಬರೆಯುತ್ತಾ ಹೋದೆ. ಕೊಪ್ಪದ ಮನೆಯಲ್ಲಿ ಕೂತು ತಿಂಗಳುಗಟ್ಟಲೆ ಬರೆದೆ. ಮೇಲಧಿಕಾರಿಯ ಕಣ್ಣಿಗೆ ಬಿದ್ದಾಗ ಅವಳು ಸಿಟ್ಟಾಗಲಿಲ್ಲ. "ಎಂತ ಸರ್ ಇದು, ನಿಮ್ಮ ಕೋಶಗಳ ಮಧ್ಯೆ ಗಾಳಿಯಾಡ್ಲಿಕ್ಕೂ ಜಾಗ ಇಲ್ವಲ್ಲ," ಎಂದಳಷ್ಟೆ. ಅವಳ ಧ್ವನಿಯಲ್ಲಿ ಸಣ್ಣದೊಂದು ತೃಪ್ತಿ ಇದ್ದಂತೆ ನನಗೆ ಕೇಳಿಸಿತು. ಅಲ್ಲಿಂದ ಮುಂದೆ ಸರಿಯಾಗಿ ಬರೆದೆ. ಆದರೆ ಹಳೆಯ ಗೆರೆಗಳನ್ನು ಯಂತ್ರ ಆಗಲೇ ಕಲಿತಾಗಿತ್ತು. ಅದನ್ನು ಪೂರ್ತಿ ಮರೆಸಿ ಹೊಸದಾಗಿ ಕಲಿಸುವ ತನಕ ಅದೇ ಯಂತ್ರದಲ್ಲಿ ಕೆಲಸ ನಡೆಯಬೇಕಿತ್ತು.

ಇನ್ನು ಅಕ್ಕನ ವಿಷಯ.

ಅಕ್ಕ ಶೃಂಗೇರಿಯಲ್ಲಿ ಬಳೆ ಅಂಗಡಿ ಇಟ್ಟವಳು. ಭಾವ ಮತ್ತು ಸೊಸೆ ಅಂಗಡಿಯಲ್ಲಿ ಇರುತ್ತಾರಾದರೂ ಅಂಗಡಿ ನಡೆಯುವುದು ಅಕ್ಕನ ಬಾಯಿಂದ. ಬಳೆ ತೊಡಿಸಲು ಒಂದು ಕೈ ಹಿಡಿದಳೆಂದರೆ ಮೊದಲ ಪ್ರಶ್ನೆ, "ಯಾವೂರಾಯ್ತಮ್ಮ?" ಊರು ಹೇಳಿದ ಮೇಲೆ ಆ ಊರಿನಲ್ಲಿ ತನಗೆ ಗೊತ್ತಿರುವ ಒಂದು ಮನೆ ಹುಡುಕುತ್ತಾಳೆ. ಮನೆ ಸಿಕ್ಕಿದ ಮೇಲೆ ಕೈ ಎಲ್ಲಿಗೆ ಹೋಗುತ್ತದೆ, ನಾಲ್ಕು ಡಜನ್ ತೊಟ್ಟೇ ಎದ್ದು ಹೋಗುತ್ತದೆ. ಪಕ್ಕದಲ್ಲಿ ಸದಾ ಎಲೆಯಡಿಕೆಯ ತಟ್ಟೆ. ಮದುವೆಯಾಗಿ ಬಂದ ವರ್ಷದಿಂದ ಅವಳ ಎಡಗೆನ್ನೆಯಲ್ಲಿ ಕವಳವಿಲ್ಲದ ಹಗಲು ಇರಲಿಲ್ಲ. ಬಂದವರಿಗೆ ಕವಳ ಕೊಡದೆ ಕಳಿಸುವುದೂ, ಅವರು ಹಾಕಿಕೊಳ್ಳುವಾಗ ತಾನು ಸುಮ್ಮನೆ ನೋಡುತ್ತಾ ಕೂರುವುದೂ ಅವಳ ಪ್ರಕಾರ ಒಂದೇ ತೂಕದ ಅಪಮಾನಗಳು.

ಹೋದ ವರ್ಷ ಆ ಕೆನ್ನೆ ಒಳಗಿನಿಂದ ಗಟ್ಟಿಯಾಗತೊಡಗಿತು. ಖಾರ ತಾಗಿದರೆ ಉರಿ. ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ. ಒಳಗೆ ಒಂದು ಬಿಳಿ ಮಚ್ಚೆ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಸಣ್ಣ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು ಎಂದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಬಾಯಿ ತೆರೆಸಿ, ಎಳೆಯ ವೈದ್ಯರು ಚಾಕು ಇಟ್ಟರು. ನಾನು ಬಾಗಿಲ ಬಳಿ ನಿಂತಿದ್ದೆ. ಮುಖದ ಹತ್ತಿರ ಒಬ್ಬ ಮನುಷ್ಯ ಅಷ್ಟು ಹೊತ್ತು ಬಾಗಿರುವಾಗ ಅವನ ಊರು ಕೇಳದೆ ಇರುವುದು ಅಕ್ಕನ ಶಕ್ತಿಗೆ ಮೀರಿದ್ದು. ಚಾಕು ಒಳಗಿರುವಾಗಲೇ, ಮರಗಟ್ಟಿದ ತುಟಿಯಲ್ಲಿ, "ನಿಮ್ದು ಯಾವೂರಾಯ್ತು?" ಎಂದಳು.

ಚಾಕು ಜಾರಿತು. ವೈದ್ಯರು, "ಅಮ್ಮಾ! ಮಾತಾಡಬಾರದು!" ಎಂದು ಕೂಗಿದರು. ಹೆಚ್ಚೇನೂ ಆಗಲಿಲ್ಲ. ಚೂರು ಅಂದುಕೊಂಡಷ್ಟೇ ಬಂತು. ಆದರೆ ಒಂದು ಬದಿಯಲ್ಲಿ ಇಲಿ ಕಚ್ಚಿದಂತೆ ಮೂಲೆಯಾಗಿ ಹರಿದಿತ್ತು, ಅದರ ಪಕ್ಕ ಬಾಲದ ಹಾಗೆ ಒಂದು ಸೀಳು. ಸೀಸೆಯಲ್ಲಿ ತೇಲುತ್ತಿದ್ದ ಅದನ್ನು ಅಕ್ಕ ದೀಪಕ್ಕೆ ಹಿಡಿದು ನೋಡಿ, "ಥೂ, ಒಡೆದ ಬಳೆ ಚೂರಿನ ಹಂಗಿದ್ಯಲ್ಲ ಮಾರಾಯ," ಎಂದಳು. ಉಳಿದದ್ದನ್ನು ಸಂಶೋಧನೆಗೆ ಬಳಸಬಹುದೇ ಎಂದು ಕೇಳಿದರು. "ಉಪ್ಪಿನಕಾಯಿ ಹಾಕ್ಕೊಳ್ಳಿ," ಎಂದು ಒಪ್ಪಿಗೆ ಕೊಟ್ಟಳು.

ಫಲಿತಾಂಶ ಬಂತು: ಕೆನ್ನೆ ಗಟ್ಟಿಯಾಗಿದೆ, ಕೆಟ್ಟದ್ದೇನೂ ಕಂಡಿಲ್ಲ, ಎಲೆಯಡಿಕೆ ನಿಲ್ಲಿಸಬೇಕು, ಆರು ತಿಂಗಳು ಬಿಟ್ಟು ಬನ್ನಿ. ಅಕ್ಕ ಎಲೆಯಡಿಕೆ ನಿಲ್ಲಿಸಿದಳು. ಅಂದರೆ ನಾನು ಹೋದಾಗ ತಟ್ಟೆ ಗಾಜಿನ ಕಪಾಟಿನ ಹಿಂದೆ ಇರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಮೇಲಧಿಕಾರಿ ಒಂದಷ್ಟು ಹೊಸ ಚಿತ್ರಗಳನ್ನು ಕಳಿಸಿದಳು. ಯಂತ್ರ ತಾನೇ ಗೆರೆ ಹಾಕಿ ಕೋಶಗಳಿಗೆ ಬಣ್ಣ ಹಚ್ಚಿತ್ತು: ಚರ್ಮದ್ದು ಹಸಿರು, ನಾರಿನದ್ದು ಹಳದಿ, ರಕ್ಷಣೆಯ ಕೋಶಗಳು ನೇರಳೆ, ಕೆಡುವ ದಾರಿ ಹಿಡಿದಂತೆ ಕಂಡವು ಕೆಂಪು. ಗೆರೆ ತಪ್ಪಿದೆಯೇ ಎಂದು ನೋಡುವುದು ನನ್ನ ಪಾಲು. ಯಾರ ಚೂರು ಎಂದು ನಮಗೆ ತಿಳಿಯದು, ತಿಳಿಯಲು ಯತ್ನಿಸಕೂಡದು ಎಂದು ಕೆಲಸ ಹಿಡಿದ ದಿನವೇ ಮಾತು ಕೊಟ್ಟಿದ್ದೆ. ಚಿತ್ರಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ.

ಒಂದು ಚಿತ್ರ ತೆರೆದೆ. ಒಂದು ಬದಿಯಲ್ಲಿ ಇಲಿ ಕಚ್ಚಿದ ಮೂಲೆ, ಪಕ್ಕದಲ್ಲಿ ಬಾಲದಂಥ ಸೀಳು. ಒಡೆದ ಬಳೆ ಚೂರು. ಆ ಮೂಲೆಯ ಉದ್ದಕ್ಕೂ ಕೆಂಪು ಪಟ್ಟಿ.

ನಾನು ಕಂಪ್ಯೂಟರನ್ನು ಮುಚ್ಚಿ ಒಳಗೆ ಹೋಗಿ ನೀರು ಕುಡಿದೆ. ಮತ್ತೆ ತೆರೆದೆ. ಕೆಂಪು ಅಲ್ಲೇ ಇತ್ತು. ಲೋಕದಲ್ಲಿ ಹರಿದ ಚೂರುಗಳು ಬೇಕಾದಷ್ಟಿರಬಹುದು ಎಂದು ನನಗೆ ನಾನೇ ಉಪನ್ಯಾಸ ಕೊಟ್ಟುಕೊಂಡೆ. ವಿದ್ಯಾರ್ಥಿ ನಂಬಲಿಲ್ಲ.

ಮರುದಿನ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕದವನು ಶೆಟ್ಟಿಕೊಪ್ಪದವನು. ಅಲ್ಲಿಯ ತನಕ ಅಡಿಕೆ ಮರದ ಎಲೆಚುಕ್ಕೆ ರೋಗದ ವಿಷಯ ಹೇಳಿದ. ಒಂದು ಎಲೆಯಲ್ಲಿ ಚುಕ್ಕೆ ಕಂಡಿತೆಂದರೆ ಪಕ್ಕದ ಮರ ಆಗಲೇ ಹಿಡಿದಿರುತ್ತದಂತೆ. ನಾನು ಹೌದೌದು ಎಂದೆ. ಚುಕ್ಕೆಗಳ ಬಗ್ಗೆ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮಹಡಿ ಹತ್ತಿ, ಮೇಲಧಿಕಾರಿಯ ಮುಂದೆ ಆ ಚಿತ್ರ ತೆರೆಸಿ, "ಇದು ನಮ್ಮ ಅಕ್ಕನದ್ದು," ಎಂದೆ.

ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಸರ್, ನೀವು ಹೇಳಿಲ್ಲ, ನಾನು ಕೇಳಿಲ್ಲ."

"ಹೇಳಿಯಾಯಿತು."

"ಗುರುತು ಹಿಡೀಬಾರದು ಸರ್! ಹೆಂಗೆ ಹಿಡಿದ್ರಿ?"

ಅಕ್ಕ ವೈದ್ಯರ ಊರು ಕೇಳಿದ ಕಥೆ ಹೇಳಿದೆ. ಅವಳಿಗೆ ನಗು ಬಂತು, ಕೂಡಲೇ ನಿಂತಿತು. ಕೆಳಗೆ ಅಂಗಡಿಯಲ್ಲಿ ಅವಳಪ್ಪ ಯಾರೊಂದಿಗೋ ಅಡಿಕೆಯ ದರ್ಜೆಯ ಬಗ್ಗೆ ಜಗಳವಾಡುತ್ತಿದ್ದರು. ಇದು ರಾಶಿ, ಅಲ್ಲ ಇದು ಬೆಟ್ಟೆ, ಕಣ್ಣು ಬಿಟ್ಟು ನೋಡು ಮಾರಾಯ.

"ಸರ್, ಇದು ಸಂಶೋಧನೆ. ರೋಗ ಹೇಳೋ ಯಂತ್ರ ಅಲ್ಲ," ಎಂದಳು. "ಇನ್ನೊಂದು ವಿಷ್ಯ. ಈ ಯಂತ್ರ ಕಲಿತಿದ್ದು ಯಾರ ಗೆರೆ ನೋಡಿ?"

"ನನ್ನದು."

"ಗೋಡೆಗೆ ಗೋಡೆ ತಾಗಿಸಿದ ಕಾಲದ್ದು. ಅದಕ್ಕೇ ಇದೂ ಎಲ್ಲೂ ಜಾಗ ಬಿಟ್ಟಿಲ್ಲ. ನೋಡಿ, ಇಲ್ಲಿ ರಕ್ಷಣೆಯ ನೇರಳೆ ಕೋಶಗಳು ಎಷ್ಟು ಗುಂಪಾಗಿ ನಿಂತಿವೆ, ಕೆಳಗೆ ನಾರಿನವು. ಅವುಗಳ ಚುಕ್ಕೆ ಎಲ್ಲ ಈ ಚರ್ಮದ ಕೋಶಗಳ ಒಳಗೆ ಬಿದ್ದಿರಬಹುದು. ಪಕ್ಕದ ಮನೆ ಮೆಣಸು. ಹಂಗಾಗಿ ಒಳ್ಳೇ ಕೋಶನೂ ಕೆಟ್ಟದ್ದು ಅಂತ ಕಾಣುತ್ತೆ."

ಆಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಕೆಲಸ ಕೆಟ್ಟದ್ದು, ಯಂತ್ರಕ್ಕೆ ನಾನು ಕಲಿಸಿದ್ದೆಲ್ಲ ತಪ್ಪು ಎಂದು ಯಾರಾದರೂ ಸಾಬೀತು ಮಾಡಿದರೆ ಅವರಿಗೆ ಹಾರ ಹಾಕುವಷ್ಟು ಆತುರ. ನಾನು ತಪ್ಪಿದ್ದರೆ ಅಕ್ಕ ಉಳಿದಳು. ನಾನು ಸರಿಯಿದ್ದರೆ ಆರು ತಿಂಗಳು ಕಾಯುವ ಹಾಗಿಲ್ಲ.

ಆ ಪಟ್ಟಿಯನ್ನು ಮತ್ತೆ ಕೈಯಿಂದಲೇ ಬರೆದು ನೋಡೋಣ ಎಂದೆ. ಅವಳು ಒಪ್ಪಿದಳು. ಅಲ್ಲೇ ಕೂತು ಬರೆದೆ. ಕೋಶಗಳ ಮಧ್ಯೆ ಧಾರಾಳ ಜಾಗ ಬಿಟ್ಟೆ. ಬರೆಯುತ್ತಾ ಬರೆಯುತ್ತಾ ಕೆಂಪು ಕರಗಿತು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಪೂರ್ತಿ ಹಸಿರು. ನಾನು ಕನ್ನಡಕ ತೆಗೆದು ಒರೆಸಿಕೊಂಡು, "ನೋಡಿದೆಯಾ?" ಎಂದೆ.

ಮೇಲಧಿಕಾರಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ಮೆಲ್ಲಗೆ, "ಸರ್, ಈ ಗೆರೆ ಯಾಕೆ ಇಲ್ಲಿ ಒಳಗೆ ಹೋಯ್ತು?" ಎಂದು ಕೇಳಿದಳು.

ನೋಡಿದೆ. ಗೆರೆ ಕೇಡಿನ ಗುರುತಾದ ಒಂದು ಚುಕ್ಕೆಯ ಹತ್ತಿರ ಬಂದಾಗಲೆಲ್ಲ ಬಳಸಿಕೊಂಡು ಒಳಕ್ಕೆ ಹೋಗಿತ್ತು, ಚುಕ್ಕೆ ಹೊರಗೆ ಬೀಳುವ ಹಾಗೆ. ಒಂದು ಕಡೆ ಅಲ್ಲ, ಉದ್ದಕ್ಕೂ. ದಾರಿಯಲ್ಲಿ ಸೆಗಣಿ ಕಂಡರೆ ಕಾಲು ತಾನೇ ತಪ್ಪಿಸಿ ಇಡುವುದಿಲ್ಲವೇ, ಹಾಗೆ. ನಾನು ಬೇಕೆಂದು ಮಾಡಿರಲಿಲ್ಲ. ಅಷ್ಟು ವರ್ಷ ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ಬೊಬ್ಬೆ ಹೊಡೆದವನ ಕೈ, ಅವನಿಗೇ ತಿಳಿಸದೆ ಲಂಚ ತಿಂದಿತ್ತು.

"ಚುಕ್ಕೆ ಕಾಣ್ತಾ ಇರೋವಾಗ ಗೆರೆ ಎಳೀಲೇಬಾರದಿತ್ತು," ಎಂದಳು ಅವಳು, ತನ್ನದೇ ತಪ್ಪೆಂಬಂತೆ. ಚುಕ್ಕೆಗಳನ್ನೂ ಬಣ್ಣಗಳನ್ನೂ ಅಳಿಸಿದಳು. ಉಳಿದದ್ದು ನೀಲಿ ಉಂಡೆಗಳು, ಅವುಗಳ ಸುತ್ತ ಮಸುಕಾಗಿ ಕಾಣುವ ಬೂದು ಹೊರಮೈ. "ಈಗ ಬರೀರಿ. ಕಂಡಷ್ಟೇ."

ಕಂಡಷ್ಟೇ. ಅದು ನನ್ನದೇ ಮಾತು. ಪ್ರಯೋಗಾಲಯದ ಹಲಗೆಯ ಮೇಲೆ ಬರೆದಿಡುತ್ತಿದ್ದೆ. ಬರೆದೆ. ಒಂದು ಕೋಶದ ಅಂಚು ಎಲ್ಲಿ ಎಂದು ತಿಳಿಯದೆ ಎಷ್ಟೋ ಹೊತ್ತು ಕೂತೆ. ಗೋಡೆಯಿಲ್ಲದ ವಸ್ತುವಿಗೆ ಗಡಿ ಹಾಕುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು. ಮುಗಿದ ಮೇಲೆ ಅವಳು ಚುಕ್ಕೆಗಳನ್ನು ವಾಪಸ್ಸು ಹಾಕಿ, ಹೊಸ ಗೆರೆಗಳಿಗೆ ಹಂಚಿ, ಯಂತ್ರಕ್ಕೆ ಕೊಟ್ಟಳು. ಕೆಳಗಿನಿಂದ ಅವಳಮ್ಮ ಕಾಫಿ ಕಳಿಸಿದ್ದರು, ಅದು ಆರಿತು.

ಪಟ್ಟಿಯ ಬಹುಭಾಗ ಹಸಿರಾಯಿತು. ಅದು ನಿಜಕ್ಕೂ ಪಕ್ಕದ ಮನೆಯ ಮೆಣಸೇ. ಆದರೆ ಹರಿದ ಮೂಲೆಯ ತುಟಿಯಲ್ಲಿ, ಚೂರು ಮುಗಿಯುವ ಜಾಗದಲ್ಲೇ, ಒಂದು ಸಣ್ಣ ಗುಂಪು ಕೆಂಪಾಗಿಯೇ ಉಳಿಯಿತು. ಗೆರೆ ಹಿಂದಕ್ಕೆ ಮುಂದಕ್ಕೆ ಮಾಡಿದರೂ ಅವು ಬದಲಾಗಲಿಲ್ಲ. ಆ ಚುಕ್ಕೆಗಳು ಅವುಗಳದ್ದೇ.

"ಇದು ಅಂಚಿನಲ್ಲಿದೆ," ಎಂದಳು ಮೇಲಧಿಕಾರಿ. ಅಷ್ಟೇ ಹೇಳಿದಳು. ಅಂಚಿನಲ್ಲಿದೆ ಎಂದರೆ ಅದರ ಮುಂದಿನ ಭಾಗ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದು ಶೃಂಗೇರಿಯಲ್ಲಿ ಕೂತು ಯಾರದೋ ಊರು ಕೇಳುತ್ತಿತ್ತು.

ಅವಳು ತನ್ನ ಮುಖ್ಯಸ್ಥರಿಗೆ ತಿಳಿಸಬೇಕು, ಅವರು ಆಸ್ಪತ್ರೆಗೆ ತಿಳಿಸಬೇಕು, ಆಸ್ಪತ್ರೆಯವರು ಹಳೆಯ ಚೂರಿನ ಗಾಜಿನ ಸ್ಲೈಡನ್ನು ಮತ್ತೆ ನೋಡಿ, ಬೇಕೆನಿಸಿದರೆ ರೋಗಿಯನ್ನು ಕರೆಸಬೇಕು. ಅದು ಸರಿಯಾದ ದಾರಿ. ಸರಿಯಾದ ದಾರಿಗಳ ಒಂದು ಲಕ್ಷಣವೆಂದರೆ ಅವು ಸುತ್ತು. "ಅಲ್ಲೀ ತನಕ ನೀವು ಬಾಯಿ ಬಿಡಬಾರದು ಸರ್," ಎಂದಳು. ಬಾಯಿ ಬಿಡುವುದು ನಮ್ಮ ಮನೆಯಲ್ಲಿ ಅಕ್ಕನ ಇಲಾಖೆ ಎಂದು ಹೇಳಿ ಬಂದೆ.

ಮೂರನೆಯ ದಿನ ತಡೆಯಲಾರದೆ ಶೃಂಗೇರಿಗೆ ಹೋದೆ. ಅಂಗಡಿಯಲ್ಲಿ ಯಾತ್ರಿಕರ ಗುಂಪು. ಅಕ್ಕ ಒಬ್ಬಳ ಕೈ ಹಿಡಿದು, "ಹಾಸನದಲ್ಲಿ ಎಲ್ಲಾಯ್ತು ನಿಮ್ಮನೆ? ಬಸ್‌ ಸ್ಟ್ಯಾಂಡ್ ಹಿಂದೆಯಾ?" ಎನ್ನುತ್ತಿದ್ದಳು. ನನ್ನನ್ನು ಕಂಡವಳು ಸೊಸೆಗೆ ಕೈ ಒಪ್ಪಿಸಿ ಬಂದು ಕೂತಳು. ಗಾಜಿನ ಕಪಾಟಿನ ಹಿಂದಿನಿಂದ ಸುಣ್ಣದ ವಾಸನೆ ಬರುತ್ತಿತ್ತು.

"ಎಂತಕ್ಕೆ ಬಂದಿದ್ದು ನೀನು?"

"ಸುಮ್ಮನೆ."

"ಸುಮ್ಮನೆ ಬರೋನಾ ನೀನು? ಹಬ್ಬಕ್ಕೆ ಕರೆದ್ರೇ ಬಸ್ಸಿನ ವೇಳಾಪಟ್ಟಿ ಕೇಳೋನು."

ಬಿಸಿಲು ಜಾಸ್ತಿ ಎಂದೆ. ಮೋಡ ಮುಚ್ಚಿತ್ತು. ಅಂಗಡಿ ಹೇಗೆ ನಡೆಯುತ್ತಿದೆ ಎಂದೆ. ಅಕ್ಕ ಮಾತಾಡುತ್ತಾ ಹೋದಳು, ನಾನು ಕೇಳುತ್ತಾ ಹೋದೆ. ಒಮ್ಮೆಲೇ ನಿಲ್ಲಿಸಿದಳು.

"ಎಂತದಾ ಅದು, ನನ್ನ ಕಣ್ಣು ಬಿಟ್ಟು ಕೆನ್ನೆ ನೋಡ್ತಿದೀಯ ಆಗಿಂದ?"

ನಾನು ಬಳೆಗಳನ್ನು ನೋಡಿದೆ.

"ಆ ಕಂಪ್ಯೂಟರಲ್ಲಿ ಯಾರ್ಯಾರದೋ ಕೆನ್ನೆ ಬರೀತಿದೀನಿ ಅಂದಿದ್ಯಲ್ಲ. ನಂದು ಬಂತಾ?"

"ಹಾಗೆಲ್ಲ ಹೇಳುವ ಹಾಗಿಲ್ಲ ಅಕ್ಕ. ಮಾತು ಕೊಟ್ಟಿದ್ದೇನೆ."

"ಹೇಳ್ಬೇಡ ಮಾರಾಯ, ಯಾರು ಹೇಳು ಅಂದ್ರು? ನಾ ಕೇಳ್ತೀನಿ, ನೀ ಸುಮ್ನೆ ಕೂತ್ಕೊ. ಚೊಲೋ ಇದ್ಯಾ?"

ನಾನು ಸುಮ್ಮನೆ ಕೂತೆ. ತಲೆಯನ್ನು ಅಲ್ಲಾಡಿಸದೆ ಇರಲು ಕುತ್ತಿಗೆಯ ನರಗಳನ್ನೆಲ್ಲ ಬಿಗಿಹಿಡಿದೆ. ಚೆನ್ನಾಗಿದ್ದರೆ ಯಾರೂ ಹಾಗೆ ಬಿಗಿಹಿಡಿಯುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಾಗದೆ ಹೋಗಲು ಅವಳೇನು ಯಂತ್ರವೇ.

ಅವಳು ಎದ್ದು ಕಪಾಟಿನ ಹಿಂದಿನಿಂದ ತಟ್ಟೆ ತೆಗೆದಳು. ನನ್ನ ಎದುರಿಗೇ ಒಂದು ಎಲೆಗೆ ಸುಣ್ಣ ಹಚ್ಚಿದಳು, ಅಡಿಕೆ ಇಟ್ಟಳು, ಮಡಿಸಿದಳು. ಬಾಯಿಯವರೆಗೆ ಒಯ್ದು ಕೆಳಗಿಳಿಸಿದಳು. ಆಮೇಲೆ ಬಳೆ ಕೊಳ್ಳಲು ಬಂದಿದ್ದ ಒಬ್ಬ ಮುದುಕಿಯನ್ನು ಕರೆದು ಅವಳ ಕೈಗೆ ಕೊಟ್ಟಳು. ಕೊಟ್ಟ ಕೂಡಲೇ, "ಬೇಡ ಬೇಡ, ಕೊಡಿ ಇಲ್ಲಿ, ಹಾಕ್ಬೇಡಿ," ಎಂದು ವಾಪಸ್ಸು ಕಸಿದುಕೊಂಡಳು. ಮುದುಕಿಗೆ ಏನೂ ಅರ್ಥವಾಗಲಿಲ್ಲ. ಕೊಟ್ಟ ಕವಳವನ್ನು ಅಕ್ಕ ಕಿತ್ತುಕೊಂಡದ್ದು ಅಂಗಡಿಯ ಚರಿತ್ರೆಯಲ್ಲಿ ಅದೇ ಮೊದಲು. ಸೊಸೆ ಬಳೆ ತೊಡಿಸುವುದನ್ನು ಬಿಟ್ಟು ನೋಡುತ್ತಿದ್ದಳು.

"ಬಾಯಿ ತೆಗೀತಾರಾ?" ಎಂದು ಅಕ್ಕ ಕೇಳಿದಳು. ಸಣ್ಣ ಧ್ವನಿ. "ಮಾತು ಹೋಗ್ತದಾ?"

ಗೊತ್ತಿಲ್ಲ ಅಕ್ಕ ಎಂದೆ. ಆ ದಿನ ನಾನು ಹೇಳಿದ ಒಂದೇ ನಿಜ ಅದು.

ಆಸ್ಪತ್ರೆಯ ಫೋನ್ ಮುಂದಿನ ವಾರ ಬಂತು. ಹಳೆಯ ಸ್ಲೈಡನ್ನು ಮತ್ತೆ ನೋಡಿದ್ದೇವೆ, ಮೂಲೆಯಲ್ಲಿ ಅನುಮಾನವಿದೆ, ಇನ್ನೊಂದು ಚೂರು ಬೇಕು ಎಂದರು. ಅಕ್ಕ ಎಷ್ಟು ಸಲೀಸಾಗಿ ಹೊರಟಳೆಂದರೆ ಭಾವನಿಗೆ ಅನುಮಾನ ಬಂತು. ಸೀಸನ್ನಿನಲ್ಲಿ ಅಂಗಡಿ ಬಿಟ್ಟು ಅವಳು ಮಗನ ಮದುವೆಗೇ ಅರ್ಧ ಮನಸ್ಸಿನಿಂದ ಹೋದವಳು. ಎರಡನೆಯ ಚೂರು ನೇರವಾಗಿ ಬಂತು. ಅಕ್ಕ ಈ ಸಲ ಬಾಯಿ ಬಿಡಲಿಲ್ಲ. ಫಲಿತಾಂಶ ನಾವು ಹೆದರಿದ್ದೇ: ಶುರುವಾಗಿದೆ, ಬೇಗ ಸಿಕ್ಕಿದೆ, ತೆಗೆಯಬೇಕು. ಮಾತು ಹೋಗುವುದಿಲ್ಲ, ಆದರೆ ಮೊದಲಿನ ಹಾಗೆ ಇರುವುದಿಲ್ಲ ಎಂದರು. ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಅವರ ಬಳಿ ಅಳತೆ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಅದೇ ಎಳೆಯ ವೈದ್ಯರು ಬಂದರು. ಅಕ್ಕ ಕೈ ಕಟ್ಟಿಕೊಂಡು, ತುಟಿ ಬಿಗಿದು, ಪರೀಕ್ಷೆಗೆ ಕೂತ ಹುಡುಗಿಯಂತೆ ಮಲಗಿದ್ದಳು. ಅವರಿಗೇ ಪಾಪ ಅನಿಸಿರಬೇಕು. "ಅಮ್ಮ, ಅವತ್ತು ಕೇಳಿದ್ರಲ್ಲ," ಎಂದರು. "ನಮ್ದು ಬೀದರ ಕಡೆ ರೀ."

ಅಕ್ಕನ ಮುಖ ಇಳಿದುಹೋಯಿತು. ಬೀದರ ಕಡೆ ಅವಳಿಗೆ ಒಂದೂ ಮನೆ ಗೊತ್ತಿರಲಿಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೂ ಹುಡುಕುತ್ತಾ ಹೋದಳೆಂದು ಅವಳ ಹಣೆಯ ಗೆರೆ ನೋಡಿ ಹೇಳಬಲ್ಲೆ.

ಹಲವು ದಿನ ಮಾತಿಲ್ಲ. ಕೆನ್ನೆಯ ಮೇಲೆ ದಪ್ಪ ಬಟ್ಟೆ, ಮೂಗಿಗೆ ನಳಿಗೆ. ಸೊಸೆ ಒಂದು ಸ್ಲೇಟು ತಂದುಕೊಟ್ಟಿದ್ದಳು. ಅಕ್ಕ ಅದರ ಮೇಲೆ ಪಕ್ಕದ ಹಾಸಿಗೆಯವರ ಊರು, ಅವರಾಚೆಯವರ ಊರು, ಗುಡಿಸುವವಳ ತವರು ಎಲ್ಲ ವಿಚಾರಿಸಿ ಮುಗಿಸಿದಳು. ಉತ್ತರ ಕೇಳಿ ತಿರುಗಿ ಹೇಳಲು ಏನೂ ಇಲ್ಲದೆ, ಬರಿದೆ ತಲೆ ಅಲ್ಲಾಡಿಸುವಾಗ ಮಾತ್ರ ಅವಳ ಕಣ್ಣು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ಮೇಲಧಿಕಾರಿಯ ಫೋನ್ ಬಂತು. ಹಳೆಯ ಗೆರೆಗಳನ್ನೆಲ್ಲ ತೆಗೆದುಹಾಕಿ ಯಂತ್ರಕ್ಕೆ ಮೊದಲಿನಿಂದ ಕಲಿಸಲು ಶುರುಮಾಡಿದ್ದಾರಂತೆ. "ನಿಮ್ಮ ಅಡ್ಡಗೆರೆ ನೆನಪಾಯ್ತು ಸರ್," ಎಂದಳು. ನನ್ನ ಹಾಳೆಗಳ ಮೇಲೆ ಅವಳು ಕೊನೆಗೂ ಹೊಡೆದಳು, ನ್ಯಾಯವೇ. ಅಕ್ಕನ ಬಗ್ಗೆ ಅವಳು ಕೇಳಲಿಲ್ಲ, ಕೇಳಬಾರದು. "ಮನೇಲೆಲ್ಲ ಆರಾಮಾ ಸರ್?" ಎಂದು ಮಾತ್ರ ಕೇಳಿ, ಉತ್ತರಕ್ಕೆ ಬಹಳ ಹೊತ್ತು ಕಾದಳು.

ಬಿಡುಗಡೆಯ ಹಿಂದಿನ ದಿನ ತೆಗೆದ ಭಾಗದ ವರದಿ ಬಂತು. ವೈದ್ಯರು ಓದಿ ಹೇಳಿದರು: ಅಂಚುಗಳು ಶುದ್ಧವಾಗಿವೆ, ಕೆಟ್ಟ ಕೋಶಗಳು ಅಂಚಿನವರೆಗೆ ಬಂದಿಲ್ಲ. ಭಾವ ಕೈಮುಗಿದರು. ಸೊಸೆ ಅತ್ತಳು. ಅಂಗಡಿಗೆ, ಕೊಪ್ಪಕ್ಕೆ, ಎಲ್ಲೆಲ್ಲಿಗೋ ಫೋನುಗಳು ಹೋದವು. ನಾನೂ ನಗುಮುಖ ಮಾಡಿಕೊಂಡು ನಿಂತೆ. ಅಂಚು ಎಂದರೆ ಯಾರೋ ಒಬ್ಬರು ಕೂತು ಇಲ್ಲಿಗೆ ಮುಗಿಯಿತು ಎಂದು ಹೇಳಿದ ಜಾಗ. ಹೇಳುವವನಿಗೆ ಹಸಿವೂ ಇರುತ್ತದೆ, ಆಸೆಯೂ ಇರುತ್ತದೆ, ಬೆಳಗಿನಿಂದ ನೋಡಿ ದಣಿದ ಕಣ್ಣೂ ಇರುತ್ತದೆ. ಇದನ್ನು ಆ ಕೋಣೆಯಲ್ಲಿ ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಅಕ್ಕ ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸ್ಲೇಟು ಎತ್ತಿಕೊಂಡು, ನಿಧಾನವಾಗಿ ಬರೆದು, ನನ್ನ ಕಡೆಗೆ ತಿರುಗಿಸಿದಳು:

"ಅಂಚು ನೋಡಿದೋರು ಈರುಳ್ಳಿ ಮೇಷ್ಟ್ರಾ?"

"ಅಲ್ಲ," ಎಂದೆ. "ಬೇರೆಯವರು."

ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ಸ್ಲೇಟನ್ನು ಸೆರಗಿನಿಂದ ಒರೆಸಿ, ಅವರ ಊರು ಯಾವುದು ಎಂದು ಬರೆದಳು.